ಬೆಳಕಿನ ಪ್ರಮಾಣ

ಕಪ್ಪು ಉಡುಪಿನ ಜಿಪ್ಪು ಬೆನ್ನಿನ ನಡುಮಧ್ಯಕ್ಕೆ ಬಂದು ನಿಂತುಬಿಟ್ಟಿತು. ಐಲಾ ಕೈಯನ್ನು ಹಿಂದಕ್ಕೆ ತಿರುಚಿ ಎಳೆದಳು, ಉಸಿರು ಬಿಗಿಹಿಡಿದು ಎಳೆದಳು, ಕೊನೆಗೆ ನಾಚಿಕೆ ಬಿಟ್ಟು ಶೌಚಾಲಯದ ಹೆಂಚಿನ ಗೋಡೆಗೆ ಬೆನ್ನು ಉಜ್ಜಿದಳು. ಜಪ್ಪಯ್ಯ ಅಂದರೂ ಅದು ಮೇಲೇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳ ಶಿಷ್ಯೆ ರೇತ್ತಾ ಸಭೆಯೆದುರು ನಿಂತು ತನ್ನ ಡಾಕ್ಟರೇಟಿನ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು. ಡೆನ್ಮಾರ್ಕಿನಿಂದ ಬಂದಿರುವ ಪ್ರೆಬೆನ್ ಎದುರಾಳಿಯಾಗಿ ಕೂತು ಅದನ್ನು ಜಾಲಾಡಬೇಕು. ಇಬ್ಬರ ನಡುವೆ ಐಲಾ ಕಾವಲು ಕೂರಬೇಕು. ತುರ್ಕು ವಿಶ್ವವಿದ್ಯಾಲಯದಲ್ಲಿ ಗುರುವಿಗೆ ಆ ದಿನದ ಮಟ್ಟಿಗೆ ಇರುವ ಲ್ಯಾಟಿನ್ ಹೆಸರಿನ ಅರ್ಥವೂ ಕಾವಲುಗಾರ ಎಂದೇ. ಸಭೆಯನ್ನು ಶುರುಮಾಡುವುದು, ಮುಗಿಸುವುದು, ನಡುವೆ ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ಕೆಲಸ. ಎಷ್ಟೋ ಸಲ ಮಾಡಿದ ಕೆಲಸ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟ ಎಂದು ಮಾತ್ರ ಈವರೆಗೆ ಗೊತ್ತಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅದು ಬಿಸಿ ತುಪ್ಪದಂತೆ ಬಾಯಲ್ಲೇ ಇದೆ: ರೇತ್ತಾಳ ಪ್ರಬಂಧದ ಮುಖ್ಯ ಫಲಿತಾಂಶ ತಪ್ಪು. ಆ ತಪ್ಪು ರೇತ್ತಾಳದಲ್ಲ, ತನ್ನದು. ಹೇಳಿದರೆ ಹುಡುಗಿಯ ಪದವಿ ಇವತ್ತೇ ನಿಂತುಹೋಗುತ್ತದೆ. ಹೇಳದಿದ್ದರೆ, ಪ್ರೆಬೆನ್ ಕೇಳದಿದ್ದರೆ, ಏನೂ ಆಗುವುದಿಲ್ಲ.

“ಐಲಾ, ಒಳಗಿದೀಯಾ?” ಬಾಗಿಲ ಆಚೆಯಿಂದ ರೇತ್ತಾಳ ದನಿ. “ಆ ಡೇನಿಶ್ ಮನುಷ್ಯ ಆಗಲೇ ಬಂದು ಕಾರಿಡಾರಲ್ಲಿ ಶತಪಥ ಹಾಕ್ತಿದಾನೆ.”

“ಜಿಪ್ಪು ಸಿಕ್ಕಿಹಾಕ್ಕೊಂಡಿದೆ ಕಣೇ.”

“ಬಾಗಿಲು ತೆಗಿ, ನಾನು ಎಳೀತೀನಿ. ಅಯ್ಯೋ, ಹೀಗಾ ಬೆವರೋದು! ಪರೀಕ್ಷೆ ನಂದಾ ನಿಂದಾ?”

ರೇತ್ತಾಳ ಬೆರಳುಗಳು ತಣ್ಣಗಿದ್ದವು. ಒಂದೇ ಎಳೆತಕ್ಕೆ ಜಿಪ್ಪು ಕುತ್ತಿಗೆಗೆ ಬಂತು. ಕನ್ನಡಿಯಲ್ಲಿ ಇಬ್ಬರೂ ಕಪ್ಪು ಬಟ್ಟೆಯಲ್ಲಿ, ಒಬ್ಬಳು ಬಾಚಿ ಕಟ್ಟಿದ ಹೊಂಬಣ್ಣದ ಕೂದಲಿನವಳು, ಇನ್ನೊಬ್ಬಳು ಊದಿದ ಕಣ್ಣಿನವಳು. ಈಗ ಹೇಳು, ಈಗಲೇ, ಎಂದು ಐಲಾ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಕನ್ನಡಿಯೊಳಗಿನ ರೇತ್ತಾ ಬಾಯಿ ತೆರೆದಳು. “ನಿನ್ಹತ್ರ ಒಂದು ಮಾತಿತ್ತು. ಮೊನ್ನೆಯಿಂದ ಹೇಳ್ಬೇಕು ಅಂತ…” ಐಲಾ ಕನ್ನಡಿಯಿಂದ ಕಣ್ಣು ತೆಗೆದಳು. ಕೃತಜ್ಞತೆಯ ಮಾತಿರಬೇಕು. ನೀನಿಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ ಎಂಬ ಥರದ್ದು. ಅದನ್ನು ಈಗ ಕೇಳಿಸಿಕೊಂಡರೆ ತಾನು ಇಲ್ಲೇ ಕುಸಿದು ಕೂರುವುದು ಖಂಡಿತ. “ಸಭೆ ಮುಗೀಲಿ, ಆಮೇಲೆ ಎಲ್ಲಾ ಮಾತು,” ಎಂದು ಅವಳ ಭುಜ ತಟ್ಟಿ, ಮೊದಲು ತಾನೇ ಹೊರಗೆ ನಡೆದಳು. ನಡೆಯುವಾಗ ತನ್ನ ದನಿಯಲ್ಲಿದ್ದ ಹಿರಿಯಳ ಗತ್ತು ಕಿವಿಯಲ್ಲಿ ಉಳಿದು ಅಸಹ್ಯವಾಯಿತು.

ನಿನ್ನೆ ಅವಳು ಕೂತದ್ದು ಇವತ್ತು ರಾತ್ರಿಯ ಔತಣದಲ್ಲಿ ಮಾಡಬೇಕಾದ ಭಾಷಣಕ್ಕೆ ಒಂದು ತಮಾಷೆ ಹುಡುಕಲು, ಅಷ್ಟೇ. ನಕ್ಷತ್ರದ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಕಂಪಿಸುತ್ತ ಹೊರಡುತ್ತದೆ. ದಾರಿಯಲ್ಲಿ ಧೂಳು ಸಿಕ್ಕರೆ ಆ ಬೆಳಕಿನಲ್ಲೊಂದು ಪಾಲು ಒಂದೇ ದಿಕ್ಕಿಗೆ ವಾಲುತ್ತದೆ. ಆ ಪಾಲು ಎಷ್ಟು ಎನ್ನುವುದೇ ಧ್ರುವೀಕರಣದ ಪ್ರಮಾಣ. ಯಾವ ದಿಕ್ಕಿಗೆ ವಾಲಿದೆ ಎನ್ನುವುದೂ ಅದರ ಜೊತೆಗೇ ಸಿಗುತ್ತದೆ. ರೇತ್ತಾ ಆರಿಸಿಕೊಂಡದ್ದು ಎಲ್ಲರೂ ಶುದ್ಧ ಎಂದು ಬಿಟ್ಟಿದ್ದ ನಕ್ಷತ್ರಗಳನ್ನು. ಒಂದೊಂದರಲ್ಲೂ ಅವಳಿಗೆ ಒಂದಿಷ್ಟು ಪ್ರಮಾಣ ಸಿಕ್ಕಿತು. ಮಂಕು ನಕ್ಷತ್ರಗಳಲ್ಲಿ ಇನ್ನೂ ಹೆಚ್ಚು. ಮಂಕು ನಕ್ಷತ್ರಗಳಿಗೆ ಧೂಳು ಜಾಸ್ತಿ ಎಂದು ಒಂದು ಇಡೀ ಅಧ್ಯಾಯ ಎದ್ದು ನಿಂತಿತು. ಕೊಳೆಯಿಲ್ಲದ ನಕ್ಷತ್ರವೇ ಇಲ್ಲ ಎಂದು ಊರಿನ ಪತ್ರಿಕೆ ದೊಡ್ಡಕ್ಷರದಲ್ಲಿ ಬರೆಯಿತು. ಆ ವಾಲಿದ ದಿಕ್ಕುಗಳನ್ನು ಸಣ್ಣ ಸಣ್ಣ ಗೆರೆಗಳಾಗಿ ಬಿಡಿಸಿ ಊಟದ ಕಾರ್ಡಿನ ಮೇಲೆ ಅಚ್ಚು ಹಾಕಿಸೋಣ ಎಂದುಕೊಂಡಿದ್ದಳು ಐಲಾ. ಬಿಡಿಸಿದಳು. ಒಂದೇ ನಕ್ಷತ್ರ, ಒಂದು ರಾತ್ರಿ ಉತ್ತರ ಎನ್ನುತ್ತದೆ, ಇನ್ನೊಂದು ರಾತ್ರಿ ಪೂರ್ವ. ಧೂಳು ಹಾಗೆ ದಿನಕ್ಕೊಂದು ಮಾತಾಡುವುದಿಲ್ಲ. ದಿನಕ್ಕೊಂದು ಮಾತಾಡುವುದು ಅಳತೆಯ ತಪ್ಪು. ಅವಳ ಕಾಫಿ ಅಲ್ಲೇ ಆರಿತು.

ಈ ವಿದ್ಯೆಯಲ್ಲಿ ಮೊದಲ ತಿಂಗಳೇ ಕಲಿಸುವ ಪಾಠವಿದೆ. ಪ್ರಮಾಣಕ್ಕೆ ಸೊನ್ನೆಗಿಂತ ಕೆಳಗೆ ಇಳಿಯುವುದು ಗೊತ್ತಿಲ್ಲ. ಬೇರೆ ಅಳತೆಗಳಲ್ಲಿ ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಬಂದು ಒಂದನ್ನೊಂದು ತಿಂದುಹಾಕುತ್ತದೆ. ಇಲ್ಲಿ ಎಡವಿದರೂ ಮುಗ್ಗರಿಸಿದರೂ ಎಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಏನೇನೂ ಇಲ್ಲದ ಕಡೆಯೂ ಅಷ್ಟೋ ಇಷ್ಟೋ ಇದೆ ಎಂದು ಯಂತ್ರ ಹೇಳುತ್ತದೆ. ಬೆಳಕು ಮಂಕಾದಷ್ಟೂ ಜಾಸ್ತಿ ಹೇಳುತ್ತದೆ. ಆದ್ದರಿಂದ ಆ ಹುಸಿ ಪಾಲನ್ನು ಕಳೆಯಬೇಕು. ಕಳೆಯುವ ಸಾಲು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನೊಳಗೇ ಇದೆ. ನಿನ್ನೆ ಅದನ್ನು ತೆರೆದು ನೋಡಿದಾಗ ಆ ಸಾಲಿನ ಎದುರು “ಬೇಡ” ಎಂದಿತ್ತು. ಬೇಡ ಎಂದು ಬರೆದವಳು ತಾನೇ. ರೇತ್ತಾ ಬರುವುದಕ್ಕೂ ಹಿಂದಿನ ಚಳಿಗಾಲ, ಹೊಸ ಯಂತ್ರವನ್ನು ಪ್ರಖರವಾದ ದೀಪಕ್ಕೆ ಹಿಡಿದು ಪರೀಕ್ಷಿಸುತ್ತಿದ್ದಾಗ, ಇಷ್ಟು ಬೆಳಕಿಗೆ ಯಾಕೆ ಈ ರಗಳೆ ಎಂದು ಮುಚ್ಚಿದ್ದಳು. ಮತ್ತೆ ತೆರೆಯಲು ಮರೆತಳು. ಎಂಥ ಸಣ್ಣ ಮರೆವು! ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯಿಂದ ಮನೆಗೆ ವಾಪಸು ಓಡುವ ಹೆಂಗಸು ಅವಳು.

ಮದುವೆಯಾಗಿದ್ದ ಕಾಲದಲ್ಲಿ ಹಾಗೆ ಒಮ್ಮೆ ವಾಪಸು ಓಡಿ ಬಂದಾಗ ಒಲೆ ಆರಿತ್ತು, ಗಂಡ ರಗ್ನರ್‌ನ ಕೋಟು ಬಾಗಿಲ ಹಿಂದೆ ತೂಗುತ್ತಿತ್ತು, ಅವಳು ಅದರ ಜೇಬಿಗೆ ಕೈಹಾಕಿದ್ದಳು. ಏನೂ ಸಿಗಲಿಲ್ಲ. ಮಾರನೆಯ ದಿನ ಮತ್ತೆ ಹಾಕಿದಳು. ಏನೂ ಸಿಗದ ದಿನಗಳೆಲ್ಲ ಸೇರಿ ಅನುಮಾನ ಕರಗಬೇಕಿತ್ತು, ಆದರೆ ಬೆಳೆಯಿತು. ಇಷ್ಟು ಜೋಪಾನವಾಗಿ ಏನನ್ನೂ ಉಳಿಸದವನು ಏನನ್ನೋ ಮುಚ್ಚಿಡುತ್ತಿರಬೇಕು. ರಗ್ನರ್ ಒಳ್ಳೆಯ ಸ್ವೀಡಿಶ್ ಮನೆತನದವನು, ಜಗಳವಾಡುತ್ತಿರಲಿಲ್ಲ. ಹೋಗುವ ದಿನ ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ, “ನಿನ್ನ ಲೆಕ್ಕದಲ್ಲಿ ನಾನು ಯಾವತ್ತೂ ಸೊನ್ನೆಗೆ ಬರಲೇ ಇಲ್ಲ, ಐಲಾ,” ಎಂದಿದ್ದ. ಅದನ್ನು ಅವಳು ತರಗತಿಯಲ್ಲಿ ತಮಾಷೆಯಾಗಿ ಹೇಳುತ್ತಿದ್ದಳು, ಹೆಸರು ಹೇಳದೆ. ವಿದ್ಯಾರ್ಥಿಗಳು ನಗುತ್ತಿದ್ದರು, ರೇತ್ತಾ ಮಾತ್ರ ಒಮ್ಮೆ ನಗದೆ ಅವಳನ್ನೇ ನೋಡಿದ್ದಳು. ಇನ್ನೊಬ್ಬರ ಮೇಲಿನ ಅನುಮಾನವನ್ನು ಅಷ್ಟು ಕಾಲ ಸಾಕಿಕೊಂಡವಳಿಗೆ ತನ್ನ ಕೈಯ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲವಲ್ಲ, ಥೂ.

ಕಾರಿಡಾರಿನಲ್ಲಿ ರೇತ್ತಾಳ ತಾಯಿ ತೂಲಿಕ್ಕಿ ಉದ್ದನೆಯ ತಟ್ಟೆ ಹಿಡಿದು ನಿಂತಿದ್ದಳು. ಸಭೆ ಮುಗಿದ ಮೇಲೆ ಕಾಫಿಯ ಜೊತೆ ಹಂಚುವುದಕ್ಕೆ ಬ್ರೆಡ್ಡು, ಹೊಗೆಮೀನು, ಕೆನೆ ಸೇರಿಸಿ ಕಟ್ಟಿದ ಖಾರದ ಕೇಕು, ಮೇಲೆ ಸೌತೆಕಾಯಿಯ ಚಕ್ರ. ಬಸ್ಸಿನಲ್ಲಿ ಇಡೀ ದಾರಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳಂತೆ. “ನಮ್ಮ ಮನೇಲಿ ಯಾರೂ ಹೈಸ್ಕೂಲು ದಾಟಿಲ್ಲ,” ಎಂದಳು, “ಇವಳು ಏನು ಅಳೀತಾಳೆ ಅಂತ ನೆರೆಯವ್ರು ಕೇಳಿದ್ರೆ, ಬೆಳಕಿನ ಧೂಳು ಹೊಡೀತಾಳೆ ಅಂತೀನಿ. ಸರಿ ತಾನೆ?” ಐಲಾ ನಗಲು ಹೋದಳು. ತೂಲಿಕ್ಕಿ ತಟ್ಟೆಯನ್ನು ಒಂದು ಕೈಗೆ ಸರಿಸಿ, ಖಾಲಿ ಕೈಯಿಂದ ಐಲಾಳ ಮಣಿಕಟ್ಟು ಹಿಡಿದುಕೊಂಡಳು. “ಇಲ್ಲಿ ನೀವೇ ಅವಳ ತಾಯಿ. ನಂಗೆ ಗೊತ್ತು.” ಆ ಕೈ ಒರಟಾಗಿ ಬೆಚ್ಚಗಿತ್ತು, ಐಲಾ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು. ಪ್ರೆಬೆನ್ ಡಾಕ್ಟರೇಟ್ ಪಡೆದವರು ಹಿಡಿಯುವ ಉದ್ದನೆಯ ಕಪ್ಪು ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ದಪ್ಪ ಮನುಷ್ಯ, ನಗುಮುಖ. “ಐಲಾ, ನಿಮ್ಮ ಟೋಪಿ ಎಲ್ಲಿ?” ಅವಳ ಟೋಪಿ ಶೌಚಾಲಯದ ಕೈತೊಳೆಯುವ ಕಟ್ಟೆಯ ಮೇಲೆ ಉಳಿದಿತ್ತು. ಅವಳು ಓಡಿದಳು, ಹಿಂದಿನಿಂದ ಅವನು ತೂಲಿಕ್ಕಿಗೆ, “ಕಾವಲಿನವರೇ ಓಡಿಹೋದರೆ ಹೇಗಮ್ಮ!” ಎನ್ನುವುದೂ ಆಕೆ ಕಿಸಕ್ಕನೆ ನಕ್ಕಿದ್ದೂ ಕೇಳಿಸಿತು.

ಮೂವರೂ ಸಾಲಾಗಿ ಒಳಗೆ ಹೋದರು, ರೇತ್ತಾ ಮುಂದೆ, ಐಲಾ ನಡುವೆ, ಪ್ರೆಬೆನ್ ಹಿಂದೆ. ಸಭೆ ಎದ್ದು ನಿಂತಿತು. ಟೋಪಿಗಳು ಮೇಜಿನ ಮೇಲೆ ಕೂತವು. ಐಲಾ ಸಭೆ ಆರಂಭವಾಯಿತೆಂದು ಹೇಳಿ ಕೂತಳು. ದನಿ ನಡುಗಲಿಲ್ಲ, ಅದೇ ಆಶ್ಚರ್ಯ. ರೇತ್ತಾ ತನ್ನ ಪೀಠಿಕೆಯ ಮಾತನ್ನು ನಿಂತು ಓದಿದಳು. ಆಮೇಲೆ ಪ್ರೆಬೆನ್ ಪುಟ ಪುಟ ತಿರುವಿ ಕೇಳತೊಡಗಿದ. ಅವನು ಪ್ರತಿ ಪುಟ ಮಗುಚುವಾಗಲೂ ಐಲಾ ಅದರ ಸಂಖ್ಯೆ ನೋಡುತ್ತಿದ್ದಳು. ಕಿಟಕಿಯ ಆಚೆ ನದಿಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ನೀರಿನಿಂದ ಓರೆಯಾಗಿ ಎದ್ದ ಬೆಳಕು, ಅದರಲ್ಲಿ ಧ್ರುವೀಕರಣ ಎಷ್ಟಿರಬಹುದೆಂದು ಅವಳ ತಲೆ ತನ್ನಷ್ಟಕ್ಕೆ ಅಂದಾಜು ಹಾಕಿತು, ಇಂಥ ಹೊತ್ತಿನಲ್ಲೂ. ಮಾಣಿಕ್ಯದ ಹಾಗೆ ಜೋಪಾನ ಮಾಡಿದ, ಬೆಳಕನ್ನು ಎರಡಾಗಿ ಸೀಳುವ ಯಂತ್ರದ ಹರಳನ್ನು ಮೊದಲ ಸಲ ರೇತ್ತಾಳ ಅಂಗೈ ಮೇಲೆ ಇಟ್ಟಾಗ ಅವಳು ಅದರ ಮೂಲಕ ಐಲಾಳನ್ನೇ ನೋಡಿ, “ಅಯ್ಯೋ, ನೀನು ಇಬ್ಬರು!” ಎಂದು ಕೂಗಿದ್ದಳು. ನಕ್ಷತ್ರ ಅಳೆಯಲು ಹೋಗುತ್ತಿದ್ದ ದೂರದ ದ್ವೀಪದ ಬೆಟ್ಟದ ಮೇಲೆ, ಗಾಳಿಗೆ ದೂರದರ್ಶಕದ ಮಾಡು ಕಿರುಗುಟ್ಟುವಾಗ, ಒಂದೇ ಫ್ಲಾಸ್ಕಿನ ಬೆರಿ ರಸ ಹಂಚಿಕೊಂಡು ಕುಡಿದಿದ್ದರು. ಹುಡುಗಿ ಯಾವುದನ್ನೂ ಎರಡು ಸಲ ಕೇಳುತ್ತಿರಲಿಲ್ಲ. ನೀನು ಕಟ್ಟಿದ ಯಂತ್ರ, ನೀನು ಬರೆದ ಪ್ರೋಗ್ರಾಮು, ನಾನ್ಯಾಕೆ ಕೆದಕಲಿ, ಎನ್ನುತ್ತಿದ್ದಳು. ಆಗ ಅದು ಕೇಳಲು ಎಷ್ಟು ಹಿತವಾಗಿತ್ತು!

“ಈಗ ಸೊನ್ನೆಯ ವಿಚಾರ,” ಎಂದ ಪ್ರೆಬೆನ್.

ಐಲಾಳ ಬೆನ್ನು ನೆಟ್ಟಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಅವಳ ಕೈ ಎದುರಿನ ಟೋಪಿಯನ್ನು ಹಿಡಿಯಿತು.

“ನಿಮ್ಮ ಯಂತ್ರವೇ ಬೆಳಕಿಗೆ ಸ್ವಲ್ಪ ವಾಲಿಕೆ ಹಚ್ಚುತ್ತದಲ್ಲ? ಅದನ್ನು ಹೇಗೆ ಕಳೆದಿರಿ?”

ಇದು ಬೇರೆ ಪ್ರಶ್ನೆ. ಇದಕ್ಕೆ ಉತ್ತರವಿದೆ. ರೇತ್ತಾ ಯಂತ್ರವನ್ನು ತಿರುಗಿಸಿ ತಿರುಗಿಸಿ ಅಳೆದದ್ದನ್ನು ವಿವರಿಸಿದಳು, ಪ್ರೆಬೆನ್ ತಲೆದೂಗಿದ. ಅವನು ಮೂರನೆಯ ಅಧ್ಯಾಯಕ್ಕೆ ಬಂದ. ಮಂಕು ನಕ್ಷತ್ರಗಳು, ಹೆಚ್ಚು ಧೂಳು. ಅವನು ಕನ್ನಡಕ ತೆಗೆದು ಒರೆಸಿದ. “ಇದು ಬಹಳ ಸೊಗಸಾದ ಅಧ್ಯಾಯ,” ಎಂದು ಮುಂದೆ ಹೋದ! ಐಲಾಗೆ ಹೋದ ಜೀವ ಬಂದಂತಾಯಿತು. ಪಾರಾದೆವು, ನೀನೂ ಪಾರಾದೆ ನಾನೂ ಪಾರಾದೆ ಎಂದು ಒಳಗೇ ಕುಣಿದಳು. ಇನ್ನು ನಾಲ್ಕಾರು ತಿಂಗಳಲ್ಲಿ, ರೇತ್ತಾಗೆ ಎಲ್ಲಾದರೂ ಕೆಲಸ ಸಿಕ್ಕ ಮೇಲೆ, ಇಬ್ಬರೂ ಸೇರಿ ಒಂದು ಸಣ್ಣ ತಿದ್ದುಪಡಿ ಪ್ರಕಟಿಸಿದರಾಯಿತು, ಸದ್ದಿಲ್ಲದೆ. ಎಲ್ಲರೂ ಮಾಡುವುದೇ. ಹೀಗೆ ಅಂದುಕೊಂಡ ಕ್ಷಣದಲ್ಲೇ, ಬಾಯಿ ಬಿಡದಿರಲು ತಾನು ನಿನ್ನೆಯೇ ನಿರ್ಧರಿಸಿಬಿಟ್ಟಿದ್ದೆ, ಇವತ್ತಿನ ಒದ್ದಾಟವೆಲ್ಲ ತೋರಿಕೆ ಎಂದು ಅವಳಿಗೆ ಹೊಳೆಯಿತು. ಹೊಳೆದರೂ ನೆಮ್ಮದಿ ಕಡಿಮೆಯಾಗಲಿಲ್ಲ.

ಪ್ರೆಬೆನ್ ಪುಸ್ತಕ ಮುಚ್ಚಿದ. “ನನ್ನ ಪ್ರಶ್ನೆಗಳು ಮುಗಿದವು.”

“ಮಾನ್ಯ ಎದುರಾಳಿಗಳೇ,” ಎಂದಳು ರೇತ್ತಾ, “ನೀವು ಒಂದನ್ನು ಕೇಳಲಿಲ್ಲ.”

ಪ್ರೆಬೆನ್ ಹುಬ್ಬೇರಿಸಿದ. “ಸಾಮಾನ್ಯವಾಗಿ ಬಿಟ್ಟ ಪ್ರಶ್ನೆಗೆ ಅಭ್ಯರ್ಥಿಗಳು ಖುಷಿಪಡುತ್ತಾರೆ. ಯಾವುದು?”

“ಮೂರನೇ ಅಧ್ಯಾಯದಲ್ಲಿ ಹುಸಿ ಪಾಲು ಕಳೆದಿದೀರಾ ಅಂತ. ಕಳೆದಿಲ್ಲ. ಮೊನ್ನೆ ಗೊತ್ತಾಯ್ತು. ಮೊನ್ನೆಯಿಂದ ಕೂತು ಎಲ್ಲಾ ಮತ್ತೆ ಲೆಕ್ಕ ಹಾಕಿದೆ.” ಅವಳು ಗುಟುಕು ನೀರು ಕುಡಿದಳು, ಲೋಟ ಹಲ್ಲಿಗೆ ತಾಗಿದ ಸದ್ದು ಕೇಳಿತು. “ಕಳೆದ ಮೇಲೆ ಏನೂ ಉಳಿಯಲ್ಲ. ಆ ನಕ್ಷತ್ರಗಳಲ್ಲಿ ಧೂಳಿದೆ ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ಆ ಅಧ್ಯಾಯ ನಿಲ್ಲಲ್ಲ.”

ಪ್ರೆಬೆನ್ ಅಧ್ಯಾಯವನ್ನು ಮತ್ತೆ ತೆರೆದು ಬಹಳ ಹೊತ್ತು ನೋಡಿದ. ಅವನ ಕುತ್ತಿಗೆ ಕೆಂಪಾಯಿತು. “ಇದನ್ನು ನಾನು ಹಿಡಿಯಬೇಕಿತ್ತು. ನನಗೆ ನಾಚಿಕೆಯಾಗುತ್ತಿದೆ,” ಎಂದ. “ಹೇಗಾಯಿತು ಇದು?”

“ಕಳೆಯೋ ಸಾಲು ಮುಚ್ಚಿತ್ತು. ಮುಚ್ಚಿದ್ದು ನಾನೇ ಇರ್ಬೇಕು. ಮೊದಲನೇ ವರ್ಷ ಏನೇನೋ ಕೈಯಾಡಿಸ್ತಿದ್ದೆ, ನೆನಪಿಲ್ಲ.”

“ನಿಮ್ಮ ಗುರುಗಳಿಗೆ ಇದು ಗೊತ್ತೇ?”

“ಇಲ್ಲ. ಬೆಳಿಗ್ಗೆ ಹೇಳೋಕೆ ಹೋದೆ, ಗಡಿಬಿಡೀಲಿ ಆಗಲಿಲ್ಲ.” ರೇತ್ತಾ ಈಗ ಐಲಾಳ ಕಡೆ ತಿರುಗಿದಳು, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಆದರೂ ನಕ್ಕಳು. “ಅವರಿಗೆ ಮೊದಲೇ ಗೊತ್ತಾಗಿದ್ರೆ ಈ ಸಭೇನೇ ನಡೀತಿರ್ಲಿಲ್ಲ. ಇಂಥದ್ದನ್ನ ಹೊಟ್ಟೇಲಿಟ್ಕೊಂಡು ಕೂರೋ ಪೈಕಿ ಅಲ್ಲ ಅವರು.”

ಸಭೆ ಮೆಲ್ಲಗೆ, ಪ್ರೀತಿಯಿಂದ ನಕ್ಕಿತು. ಅಷ್ಟೂ ಮುಖಗಳು ಐಲಾಳ ಕಡೆ ತಿರುಗಿದವು. ಅವಳೂ ನಕ್ಕಳು. ಹೌದು, ನಕ್ಕಳು, ತುಟಿಗಳು ತಾವಾಗಿ ಅಗಲವಾದವು, ತಲೆ ಒಂದಿಷ್ಟು ಬಾಗಿತು, ಹೊಗಳಿಕೆ ಒಪ್ಪಿಕೊಳ್ಳುವವರು ಬಾಗುವಂತೆ. ನೆಲ ಬಾಯಿಬಿಡಬಾರದೇ ಎಂದು ಅನ್ನಿಸಿದ್ದು ಆಮೇಲೆ. ಪ್ರೆಬೆನ್ ಎದ್ದು ನಿಂತು ತನ್ನ ಕೊನೆಯ ಮಾತು ಹೇಳುತ್ತಿದ್ದ: ಈ ಪ್ರಬಂಧದ ಒಂದು ಅಧ್ಯಾಯ ಸತ್ತಿದೆ, ಕೊಂದವರು ಬರೆದವರೇ, ಉಳಿದ ಅಧ್ಯಾಯಗಳ ಬಲದ ಮೇಲೆ ಇದನ್ನು ಅಂಗೀಕರಿಸಬೇಕೆಂದು ಶಿಫಾರಸು ಮಾಡುತ್ತೇನೆ, ಇಂಥ ಅಳತೆಗಾರರು ನನಗೂ ಒಬ್ಬರು ಇದ್ದಿದ್ದರೆ! ಹುಡುಗಿ ಪಾರಾಗಿದ್ದಳು, ಐಲಾಳ ಮೌನದ ಹಂಗಿಲ್ಲದೆ. ಹಿಂದಿನ ಸಾಲಿನಲ್ಲಿ ತೂಲಿಕ್ಕಿ ಏನೂ ಅರ್ಥವಾಗದೆ ಕರವಸ್ತ್ರಕ್ಕೆ ಮೂಗು ಒರೆಸುತ್ತಿದ್ದಳು. ಆಮೇಲೆ ರೇತ್ತಾ ಸಭೆಗೆ ತಿರುಗಿ ಪದ್ಧತಿಯ ಪ್ರಕಾರ ಕೇಳಿಕೊಂಡಳು: ನನ್ನ ಪ್ರಬಂಧದ ಬಗ್ಗೆ ಹೇಳುವುದಿರುವವರು ಯಾರಾದರೂ ಇಲ್ಲಿದ್ದರೆ ಕಾವಲಿನವರಿಂದ ಮಾತಿನ ಅಪ್ಪಣೆ ಪಡೆಯಿರಿ.

ಐಲಾ ಎದ್ದು ನಿಂತಳು. ಹೇಳುವುದಿದ್ದವಳು ಒಬ್ಬಳೇ. ತಾನೇ ಬೇಡಿ ತಾನೇ ಕೊಡಬೇಕಾದ ಅಪ್ಪಣೆ. ಆ ಸಾಲನ್ನು ಮುಚ್ಚಿದ್ದು ನಾನು, ನಾಲ್ಕೇ ಮಾತು, ಒಂದೇ ಉಸಿರಿನ ಕೆಲಸ. ಅವಳು ಸಭೆಯನ್ನು ಎಡದಿಂದ ಬಲಕ್ಕೆ ನೋಡಿದಳು, ಬಲದಿಂದ ಎಡಕ್ಕೆ ನೋಡಿದಳು. ಇಷ್ಟು ಹೊತ್ತು ಯಾವ ಕಾವಲಿನವರೂ ಕಾಯುವುದಿಲ್ಲ. ಯಾರೂ ಕೈಯೆತ್ತಲಿಲ್ಲ. ಅವಳ ಬಾಯಿ ತೆರೆಯಿತು, ಹೊರಗೆ ಬಂದದ್ದು ಪ್ರತಿ ಸಲವೂ ಬರುವ ಮಾತು: “ಯಾರೂ ಅಪ್ಪಣೆ ಕೇಳದ ಕಾರಣ ಸಭೆ ಮುಗಿಯಿತು.” ಚಪ್ಪಾಳೆ ಬಿತ್ತು.

ಹೊರಗೆ ಮೊಗಸಾಲೆಯಲ್ಲಿ ಕಾಫಿಯ ಘಮ, ಲೋಟಗಳ ಸದ್ದು, ರೇತ್ತಾಳ ಸುತ್ತ ಹೂವು ಹಿಡಿದವರು. ತೂಲಿಕ್ಕಿ ದೊಡ್ಡ ಚಾಕುವಿನಿಂದ ಕೇಕು ಕುಯ್ಯುತ್ತ ಮೊದಲ ತುಂಡನ್ನು ಐಲಾಳ ತಟ್ಟೆಗೆ ಹಾಕಿದಳು. ಐಲಾ ಅದನ್ನು ಹಿಡಿದುಕೊಂಡೇ ಹೇಳಿದಳು. ಯಾಕೆ ಈಗ, ಯಾಕೆ ಇವಳ ಮುಂದೆ, ಎಂದು ಗೊತ್ತಿಲ್ಲ.

“ಆ ತಪ್ಪು ರೇತ್ತಾಳದಲ್ಲ. ಅದನ್ನ ಮುಚ್ಚಿದ್ದು ನಾನು. ಅವಳು ಬರೋಕೆ ಮುಂಚೆ.”

“ಅಯ್ಯೋ, ಸಾಕು ಸುಮ್ನಿರಿ!” ತೂಲಿಕ್ಕಿಯ ಕಣ್ಣು ಮತ್ತೆ ತುಂಬಿತು. “ಕೇಳಿದ್ರಾ, ಪ್ರೆಬೆನ್ ಅವ್ರೇ? ಹುಡುಗಿ ತಪ್ಪನ್ನ ತಮ್ಮ ಮೈಮೇಲೆ ಎಳ್ಕೊಳ್ತಿದಾರೆ. ಹೆತ್ತವಳು ಕೂಡ ಇಷ್ಟು ಮಾಡಲ್ಲ.”

“ದೊಡ್ಡ ಮನಸ್ಸು,” ಎಂದು ಪ್ರೆಬೆನ್ ಕಾಫಿಯ ಲೋಟ ಎತ್ತಿದ.

“ಇಲ್ಲ, ನಿಜವಾಗಿ,” ಎಂದಳು ಐಲಾ. ಎಷ್ಟು ಒತ್ತಿ ಹೇಳಿದರೂ ಅದು ಅವಳನ್ನೇ ಮೇಲೆತ್ತುತ್ತಿತ್ತು. ತೂಲಿಕ್ಕಿ ಪಕ್ಕದವರಿಗೆ ಹೇಳತೊಡಗಿದ್ದಳು. ಹೂಗಳ ನಡುವಿನಿಂದ ರೇತ್ತಾ ಹತ್ತಿರ ಬಂದಿದ್ದಳು, ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ನಗಲಿಲ್ಲ.

“ಯಾವಾಗ ಗೊತ್ತಾಯ್ತು?”

ಈಗ, ನೀನು ಹೇಳಿದ ಮೇಲೆ ನೆನಪಾಯಿತು, ಎನ್ನಬಹುದಿತ್ತು. ಎಷ್ಟು ಸುಲಭ! ಎಲ್ಲರೂ ನಂಬಲು ಸಿದ್ಧರಾಗಿ ನಿಂತಿದ್ದರು.

“ನಿನ್ನೆ,” ಎಂದಳು ಐಲಾ. “ಮಧ್ಯಾಹ್ನ.”

ರೇತ್ತಾ ಒಂದು ಕೈಯಿಂದ ಇನ್ನೊಂದು ಕೈಗೆ ಹೂವು ಬದಲಾಯಿಸಿದಳು. ಕೋಪ ಬಂದಂತೆ ಕಾಣಲಿಲ್ಲ. ಕೋಪ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹಾಗಾದ್ರೆ ಬೆಳಿಗ್ಗೆ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು ಕಣೇ.”

“ಕಾಫಿ ತಗೊಳ್ಳಿ,” ಎಂದಳು ರೇತ್ತಾ. “ಆರಿಹೋಗುತ್ತೆ.”

ಸಭೆಯ ಬಹುವಚನ ಸಭೆಯೊಂದಿಗೇ ಮುಗಿಯಬೇಕಿತ್ತು. ಇಷ್ಟು ವರ್ಷ, ಬೆಟ್ಟದ ಮೇಲೂ ಜಗಳದಲ್ಲೂ, ಹುಡುಗಿ ಅವಳನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಯಾರೋ ಹಿಂದಿನಿಂದ ರೇತ್ತಾಳನ್ನು ಕೂಗಿದರು, ಅವಳು ಆ ಕಡೆ ಹೋದಳು. ತೂಲಿಕ್ಕಿ ಐಲಾಳ ತಟ್ಟೆಗೆ ಇನ್ನೊಂದು ತುಂಡು ಇಟ್ಟು, ಊಟ ಸರಿಯಾಗಿ ಮಾಡಲ್ಲ ಅಂತ ಕಾಣುತ್ತೆ ನೀವು, ಎಂದು ಗದರಿದಳು. ಐಲಾ ಚಮಚೆ ತೆಗೆದುಕೊಂಡು ನಿಂತಲ್ಲೇ ತಿನ್ನತೊಡಗಿದಳು.